ನಡುವೆ ತಂತಿಯಿಲ್ಲದ ವಿದ್ಯುತ್ತು

ಮೊಬೈಲ್ ಫೋನಿಗೆ ತಂತಿ ಸಿಕ್ಕಿಸದೆ, ಅದನ್ನು ಒಂದು ಚಪ್ಪಟೆ ಬಿಲ್ಲೆಯ ಮೇಲಿಟ್ಟ ಮಾತ್ರಕ್ಕೆ ಬ್ಯಾಟರಿ ತುಂಬಿಕೊಳ್ಳುವ ಸಾಧನವು ಈಗ ದೊಡ್ಡ ನಗರಗಳ ಸೊತ್ತಾಗಿ ಉಳಿದಿಲ್ಲ. ಬಾಗಲಕೋಟೆಯಲ್ಲಿಯೂ ಇಳಕಲ್ಲಿನಲ್ಲಿಯೂ ಅದನ್ನು ಕೊಳ್ಳುವವರಿದ್ದಾರೆ. ಐದು ವಾಟಿನದು, ಹದಿನೈದು ವಾಟಿನದು, ಐವತ್ತು ವಾಟಿನದು ಎಂದು ವೇಗಕ್ಕೆ ತಕ್ಕಂತೆ ಬೆಲೆಯೂ ಏರುತ್ತದೆ. ಈ ವೇಗವೆಂದರೇನು, ಅದಕ್ಕೆ ನಾವು ತೆರುವ ಬೆಲೆ ಹಣವೊಂದೇ ಅಹುದೇ ಎಂಬುದನ್ನು ತಿಳಿಯಬೇಕಾದರೆ ಇದರ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

ಇದನ್ನು ಹೊಸ ಕಾಲದ ಪವಾಡವೆಂದು ಬಗೆಯುವವರು ತಮ್ಮ ಓಣಿಯ ಕಂಬದ ಮೇಲಿರುವ ಟೀಸಿಯನ್ನು ಒಮ್ಮೆ ನೆನೆಯಲಿ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಒಂದು ಸುರುಳಿಗೆ ದೂರದಿಂದ ಬಂದ ವಿದ್ಯುತ್ತು ಸೇರುತ್ತದೆ. ಇನ್ನೊಂದರಿಂದ ನಿಮ್ಮ ಮನೆಗೆ ವಿದ್ಯುತ್ತು ಹೊರಡುತ್ತದೆ. ಆದರೆ ಆ ಎರಡು ಸುರುಳಿಗಳನ್ನು ಕೂಡಿಸುವ ತಂತಿ ಎಂಬುದು ಇಲ್ಲವೇ ಇಲ್ಲ! ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಮಲಪ್ರಭೆಯ ನೀರು ಕೃಷ್ಣೆಯ ನೀರಿನೊಡನೆ ಬೆರೆತುಹೋಗುತ್ತದೆ. ಟೀಸಿಯಲ್ಲಿ ಹಾಗಲ್ಲ, ಎರಡು ಪ್ರವಾಹಗಳೂ ಬೆರೆಯದೆಯೇ ಒಂದರ ಬಲ ಇನ್ನೊಂದಕ್ಕೆ ದಾಟುತ್ತದೆ. ದಾಟಿಸುವುದು ಅಯಸ್ಕಾಂತದ ಶಕ್ತಿ.

ಈ ಗುಟ್ಟನ್ನು ಮೊದಲು ಬಿಡಿಸಿದವರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯ ಹೆಸರು ಮುಖ್ಯವಾದುದು. 1831ರ ಆಗಸ್ಟ್ 29ರಂದು ಆತನು ಒಂದು ಕಬ್ಬಿಣದ ಬಳೆಯ ಎರಡು ಬದಿಗೂ ಬೇರೆ ಬೇರೆಯಾಗಿ ತಂತಿ ಸುತ್ತಿ, ಒಂದು ಬದಿಯ ಪ್ರವಾಹವನ್ನು ಹರಿಸಿದ ಕ್ಷಣದಲ್ಲಿಯೂ ನಿಲ್ಲಿಸಿದ ಕ್ಷಣದಲ್ಲಿಯೂ ಇನ್ನೊಂದು ಬದಿಯಲ್ಲಿ ವಿದ್ಯುತ್ತು ಮಿಡಿದುದನ್ನು ಕಂಡನು. ಪ್ರವಾಹವು ಒಂದೇ ಸಮನೆ ಹರಿಯುತ್ತಿರುವಾಗ ಏನೂ ಆಗಲಿಲ್ಲ. ಅಂದರೆ ಬದಲಾವಣೆಯೇ ಇಲ್ಲಿ ಪ್ರಾಣ. ಆದುದರಿಂದಲೇ ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಗಳಂತೆ ಹಿಂದುಮುಂದಾಗುತ್ತಿರುತ್ತದೆ.

ವಿದ್ಯುತ್ತನ್ನು ದೂರಕ್ಕೆ ಒಯ್ಯುವ ಕಾರ್ಯದಲ್ಲಿ ಕನ್ನಡನಾಡಿಗೆ ಹೆಮ್ಮೆಯ ಸ್ಥಾನವಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಬಲವು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಅಮೆರಿಕದ ಲಾಂಗ್ ಐಲೆಂಡಿನಲ್ಲಿ ನಿಕೋಲಾ ಟೆಸ್ಲಾ ಎಂಬ ಪ್ರತಿಭಾವಂತನು ಒಂದು ಭಾರಿ ಗೋಪುರವನ್ನು ಎಬ್ಬಿಸುತ್ತಿದ್ದನು. ತಂತಿಯೇ ಇಲ್ಲದೆ ವಾರ್ತೆಯನ್ನೂ ವಿದ್ಯುತ್ತನ್ನೂ ಭೂಮಂಡಲಕ್ಕೆಲ್ಲ ಹಂಚಬೇಕೆಂಬುದು ಆತನ ಕನಸು. ಹಣ ಕೊಟ್ಟವರು ಕೈ ಹಿಂದೆಗೆದರು. 1917ರಲ್ಲಿ ಗೋಪುರವನ್ನು ಕೆಡವಲಾಯಿತು. ಶಿವನಸಮುದ್ರದ ತಂತಿ ಗೆದ್ದಿತು, ಲಾಂಗ್ ಐಲೆಂಡಿನ ಗೋಪುರ ಸೋತಿತು.

ಆದರೆ ವಾರ್ತೆಯ ಮಟ್ಟಿಗೆ ನಿಸ್ತಂತು ಗೆದ್ದಿತೆಂಬುದಕ್ಕೆ ನಿಮ್ಮ ಮನೆಯ ಬಾನುಲಿಯೇ ಸಾಕ್ಷಿ. 1950ರ ಜನವರಿ 8ರಂದು ಧಾರವಾಡ ನಿಲಯ ಆರಂಭವಾದ ಮೇಲೆ ಬಾದಾಮಿಯ ಗುಡ್ಡದ ಮರೆಯ ಮನೆಗೂ ಮಾತು ಬಂದಿತು. ಮಾತಿಗೆ ಬೇಕಾದ ಶಕ್ತಿ ಅತ್ಯಲ್ಪ. ಕಿವಿಗೊಟ್ಟ ಯಂತ್ರ ಅದನ್ನು ಹಿಗ್ಗಿಸಿಕೊಳ್ಳುತ್ತದೆ. ಬ್ಯಾಟರಿ ತುಂಬಲು ಬೇಕಾದುದು ಸುದ್ದಿಯಲ್ಲ, ಬಲ. ಬಲವು ದೂರ ಹೋದಂತೆ ಚದುರಿಹೋಗುತ್ತದೆ. 2007ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಮರಿನ್ ಸೋಲ್ಯಾಚಿಚ್ ಮತ್ತು ಅವರ ಸಂಗಡಿಗರು ಎರಡು ಮೀಟರು ಆಚೆಯ 60 ವಾಟಿನ ದೀಪವನ್ನು ತಂತಿಯಿಲ್ಲದೆ ಬೆಳಗಿಸಿದರು. ಆದರೆ ಕಳುಹಿಸಿದ ಬಲದಲ್ಲಿ ಸುಮಾರು ಶೇಕಡಾ 40 ಮಾತ್ರ ಆಚೆಗೆ ಮುಟ್ಟಿತ್ತು.

ಫೋನಿನ ಬಿಲ್ಲೆಯು ಆದ್ದರಿಂದಲೇ ದೂರದ ಆಸೆಯನ್ನು ಬಿಟ್ಟು, ಕೆಲವೇ ಮಿಲಿಮೀಟರುಗಳ ಹತ್ತಿರವನ್ನು ನೆಚ್ಚಿಕೊಂಡಿದೆ. ಬಿಲ್ಲೆಯಲ್ಲೊಂದು ಸುರುಳಿ, ಫೋನಿನ ಬೆನ್ನಿನಲ್ಲೊಂದು ಸುರುಳಿ. ಬಿಲ್ಲೆಯ ಪ್ರವಾಹವು ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಹಿಂದುಮುಂದಾಗುತ್ತದೆ. ಬಾನುಲಿಯ ಭಾಷೆಯಲ್ಲಿ ಹೇಳುವುದಾದರೆ ಮಧ್ಯಮ ತರಂಗಕ್ಕಿಂತ ಕೆಳಗೆ, ನೂರರಿಂದ ಇನ್ನೂರು ಕಿಲೋಸೈಕಲ್ಲುಗಳ ಸುತ್ತಮುತ್ತ. 2008ರಲ್ಲಿ ಹಲವು ಕಂಪನಿಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡವು. 2010ರಲ್ಲಿ ‘ಚೀ’ ಎಂಬ ಚೀನೀ ಹೆಸರಿನ ಸಮಾನ ಕ್ರಮ ಹೊರಬಿತ್ತು. ಅದರ ವೇಗ 5 ವಾಟ್. ಮುಂದೆ ಅದು 15 ವಾಟಿಗೆ ಏರಿತು. 2023ರಲ್ಲಿ ಬಂದ ಎರಡನೆಯ ‘ಚೀ’ಯಲ್ಲಿ ಅಯಸ್ಕಾಂತದ ಬಳೆಯೊಂದನ್ನು ಸೇರಿಸಿ, ಫೋನು ತಾನಾಗಿಯೇ ಸರಿಯಾದ ಜಾಗಕ್ಕೆ ಅಂಟುವಂತೆ ಮಾಡಿದರು. 2020ರಿಂದೀಚೆಗೆ ಕೆಲವು ತಯಾರಕರು ತಮ್ಮವೇ ಬಿಲ್ಲೆಗಳಲ್ಲಿ 50 ವಾಟಿನವರೆಗೂ ಹೋದದ್ದುಂಟು.

ಸರಿಯಾದ ಜಾಗವೆಂಬುದು ಇಲ್ಲಿ ಸಣ್ಣ ಮಾತಲ್ಲ. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿಗಳಿಂದ ಕೂಡಿಸುವಾಗ ಕೊಂಡಿಗೆ ಕೊಂಡಿ ತಪ್ಪಿದರೆ ಸೆರಗು ನಿಲ್ಲದು. ಸುರುಳಿಗೆ ಸುರುಳಿ ಎದುರಾಗಿ ಕೂಡದಿದ್ದರೂ ಹಾಗೆಯೇ. ಬಲವು ದಾರಿ ತಪ್ಪಿ ಕಾವಾಗಿ ಹೋಗುತ್ತದೆ. ಟೀಸಿಯಲ್ಲಿ ಕಬ್ಬಿಣದ ಮಧ್ಯಭಾಗವು ಕಾಂತಶಕ್ತಿಯನ್ನು ಹಿಡಿದು ನಡೆಸುವುದರಿಂದ ನಷ್ಟ ತೀರ ಕಡಿಮೆ. ಫೋನಿಗೂ ಬಿಲ್ಲೆಗೂ ನಡುವೆ ಅಂಥ ಸೇತುವೆಯಿಲ್ಲ. ನಾಲ್ಕರಲ್ಲೊಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಹಾದಿಯಲ್ಲೇ ಸೋರುತ್ತದೆ.

ಈಗ ಲೆಕ್ಕ ಹಾಕಿರಿ. ಸಾಧಾರಣ ಫೋನಿನ ಬ್ಯಾಟರಿ ತುಂಬಲು ಸುಮಾರು 15 ವಾಟ್‌ಗಂಟೆ ಬೇಕು. 5 ವಾಟಿನ ಬಿಲ್ಲೆಗೆ ಮೂರು ಗಂಟೆಗೂ ಮೀರಿ ಹಿಡಿಯುತ್ತದೆ. 15 ವಾಟಿನದಕ್ಕೆ ಒಂದೇ ಗಂಟೆ ಸಾಕಲ್ಲವೆ ಎನ್ನುವಿರಿ. ಸಾಲದು, ಬ್ಯಾಟರಿ ತುಂಬುತ್ತ ಬಂದಂತೆ ವೇಗವನ್ನು ಇಳಿಸಲೇಬೇಕು, ಫೋನು ಕಾದರಂತೂ ಅದು ತಾನೇ ಇಳಿಸಿಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ಪರಮಾವಧಿ ವೇಗ, ಉದ್ದಕ್ಕೂ ಇರುವ ವೇಗವಲ್ಲ. ಸೋರುವ ವಿದ್ಯುತ್ತಾದರೂ ದಿನಕ್ಕೆ 5 ವಾಟ್‌ಗಂಟೆ ಎಂದಿಟ್ಟುಕೊಂಡರೆ ವರ್ಷಕ್ಕೆ ಎರಡು ಯೂನಿಟ್ಟೂ ಆಗದು. ಒಂದು ಮನೆಗೆ ಇದು ಏನೂ ಅಲ್ಲ. ಲಕ್ಷ ಫೋನುಗಳಿಗೆ ಒಂದು ಲಕ್ಷ ಎಂಬತ್ತು ಸಾವಿರ ಯೂನಿಟ್ಟು. ಆಲಮಟ್ಟಿಯ ನೀರು ನಿಲ್ಲಲೆಂದು ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಮನೆಮಂದಿಯೆಲ್ಲ ನವನಗರಕ್ಕೆ ಬರಬೇಕಾಯಿತು. ಆ ಅಣೆಕಟ್ಟಿನ ಬುಡದಲ್ಲಿಯೇ 290 ಮೆಗಾವಾಟಿನ ವಿದ್ಯುದಾಗಾರವಿದೆ. ಯೂನಿಟ್ಟಿನ ನಿಜವಾದ ಬೆಲೆಯನ್ನು ಈ ಊರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೂ ಸೋರಿದ ವಿದ್ಯುತ್ತಿಗಿಂತ ಅದು ಹುಟ್ಟಿಸುವ ಕಾವಿನ ಚಿಂತೆಯೇ ಮನೆಯವರಿಗೆ ಮುಖ್ಯ. ಲಿಥಿಯಮ್ ಬ್ಯಾಟರಿಗೆ ಕಾವು ಶತ್ರು; ಕಾದಷ್ಟೂ ಅದರ ಆಯುಸ್ಸು ಸವೆಯುತ್ತದೆ. ಬಾದಾಮಿಯ ಕೆಂಪು ಬಂಡೆಗಳು ಕಾಯುವ ಚೈತ್ರ ವೈಶಾಖಗಳಲ್ಲಿ ಮನೆಯೊಳಗಿನ ಗಾಳಿಯೇ ಬಿಸಿಯಾಗಿರುವಾಗ, ಅತಿವೇಗದ ಬಿಲ್ಲೆಯ ಮೇಲೆ ಫೋನನ್ನಿಟ್ಟು, ಅದರ ಮೇಲೆ ದಪ್ಪ ಕವಚವನ್ನೂ ಹೊದಿಸಿದರೆ ಹೇಗಾದೀತು? ಕವಚವನ್ನು ತೆಗೆದು, ಸುರುಳಿಗೆ ಸುರುಳಿ ಕೂಡುವಂತೆ ಇಟ್ಟು, ಬೆಳಗಿನ ತಂಪಿನಲ್ಲಿ ನಿಧಾನವಾಗಿ ತುಂಬಿಸುವುದು ಲೇಸು. ಕರೆಂಟು ಹೋಗುವ ಮುನ್ನ ಬೇಗ ತುಂಬಬೇಕೆಂಬ ಅವಸರವಿದ್ದಲ್ಲಿ ಹಳೆಯ ತಂತಿಯನ್ನೇ ಸಿಕ್ಕಿಸಿರಿ. ನಷ್ಟವೂ ಕಡಿಮೆ, ಹೊತ್ತೂ ಕಡಿಮೆ. ಫ್ಯಾರಡೆಯ ಬಳೆಯಿಂದ ಇಂದಿನ ಬಿಲ್ಲೆಯವರೆಗೆ ನಿಯಮವೊಂದೂ ಬದಲಾಗಿಲ್ಲ. ವೇಗವನ್ನು ಕೊಳ್ಳುವಾಗ ಕಾವನ್ನೂ ಜೊತೆಗೇ ಕೊಳ್ಳುತ್ತೇವೆಂಬುದನ್ನು ನೆನಪಿಟ್ಟವರು ಫೋನನ್ನು ಹೆಚ್ಚು ಕಾಲ ಬಾಳಿಸಿಕೊಳ್ಳುವರು.