ಎಲ್ಲಿ ಮುರಿಯಬೇಕು? ಜೀಪಿನ ಮುಂದಿನ ಅಚ್ಚಿನ ಚರಿತ್ರೆ

ಹೊಸನಗರದ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಕೈಯಲ್ಲೊಂದು ಗೋಣಿಚೀಲ. ತೋಟದ ಬಾಳೆಗೊನೆಯಿರಬೇಕೆಂದು ನನ್ನ ಶ್ರೀಮತಿ ಒಳಗಿನಿಂದ ಬಂದು ನೋಡಿದರೆ, ಜಗಲಿಯ ಮೇಲೆ ಅವನು ಬಿಚ್ಚಿಟ್ಟದ್ದು ಎರಡು ತುಂಡಾದ ಉಕ್ಕಿನ ಸರಳು. ಅವನ ಹಳೆಯ ಜೀಪಿನ ಮುಂದಿನ ಆಕ್ಸಲ್ ಶಾಫ್ಟ್! ಕಳೆದ ಮಳೆಗಾಲದಲ್ಲಿ ನೆರೆಮನೆಯ ವೃದ್ಧರೊಬ್ಬರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ, ಹಳ್ಳ ದಾಟಿ ದಡ ಹತ್ತುವ ತಿರುವಿನಲ್ಲಿ ಅದು ಮುರಿಯಿತಂತೆ. ಮುರಿದ ಚೂರು ಕೀಲಿನಲ್ಲಿ ಸಿಕ್ಕಿಕೊಂಡು ಸ್ಟೀರಿಂಗ್ ತಿರುಗದಾಯಿತು. ನಾಲ್ಕು ಜನ ಸೇರಿ ಆ ಹಿರಿಯರನ್ನು ಕಂಬಳಿಯಲ್ಲಿ ಹೊತ್ತು ಟಾರು ರಸ್ತೆ ಮುಟ್ಟಿಸಿದರು. ದೇವರ ದಯೆ, ಅವರು ಗುಣವಾಗಿ ಮನೆಗೆ ಮರಳಿದ್ದಾರೆ.

"ಸಾರ್, ಮತ್ತೆ ಹೀಗಾಗಬಾರದು. ಇದಕ್ಕಿಂತ ಗಟ್ಟಿ ಶಾಫ್ಟ್ ಹಾಕಿಸಬೇಕು ಅಂತಿದೀನಿ. ಯಾವ ಉಕ್ಕು ಒಳ್ಳೆಯದು ಹೇಳಿ" ಎಂದ.

ನಾನು ವಿಜ್ಞಾನ ಕಲಿಸಿದವನೇ ಹೊರತು ಮೆಕ್ಯಾನಿಕ್ ಅಲ್ಲ. ಆದರೆ ಶಿಷ್ಯನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಆ ಮುರಿದ ಸರಳಿನ ಹಿಂದೆ ಒಂದು ದೀರ್ಘ ಚರಿತ್ರೆಯೇ ತೆರೆದುಕೊಂಡಿತು. ಅದನ್ನು ನಿಮ್ಮೆಲ್ಲರೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ನಮ್ಮ ಎತ್ತಿನ ಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಅಚ್ಚು ತಿರುಗುವುದಿಲ್ಲ; ಚಕ್ರ ಮಾತ್ರ ಅದರ ಮೇಲೆ ತಿರುಗುತ್ತದೆ, ಕಡಾಣಿ ಅದನ್ನು ಕಳಚದಂತೆ ಹಿಡಿದಿಡುತ್ತದೆ. ಎಳೆಯುವ ಕೆಲಸ ಎತ್ತಿನದು. ಮೋಟಾರು ವಾಹನದಲ್ಲಿ ಹಾಗಲ್ಲ. ಎಂಜಿನ್ನಿನ ಬಲ ಅಚ್ಚಿನೊಳಗಿನ ಸರಳಿನ ಮೂಲಕವೇ ಚಕ್ರಕ್ಕೆ ಹೋಗಬೇಕು. ಹಿಂದಿನ ಚಕ್ರಗಳಿಗೆ ಇದು ಸುಲಭ. ನೇರವಾದ ಸರಳು ಸಾಕು. ಮುಂದಿನ ಚಕ್ರಗಳದು ಇಬ್ಬಗೆಯ ಕಷ್ಟ. ಅವು ಬಲವನ್ನೂ ಪಡೆಯಬೇಕು, ಎಡಕ್ಕೂ ಬಲಕ್ಕೂ ಹೊರಳಲೂ ಬೇಕು. ಆದ್ದರಿಂದ ಸರಳಿನ ನಡುವೆ, ನಮ್ಮ ಮಣಿಕಟ್ಟಿನಂತೆ ಬಾಗುವ ಒಂದು ಕೀಲು ಅನಿವಾರ್ಯ. ಮುಂದಿನ ಅಚ್ಚಿನ ಇತಿಹಾಸವೆಂದರೆ ಬಹುಪಾಲು ಈ ಕೀಲಿನ ಇತಿಹಾಸವೇ.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇಂಥದೊಂದು ಕೀಲನ್ನು ವಿವರಿಸಿದ. ಸ್ಪ್ರಿಂಗಿನ ನಿಯಮದಿಂದ ನಿಮಗೆಲ್ಲ ಪರಿಚಿತನಾದ ಹುಕ್ ಇವನೇ. ಎರಡು ಕವಲುಗಳ ನಡುವೆ ಒಂದು ಶಿಲುಬೆಯಾಕಾರದ ತುಂಡು. ನಮ್ಮ ಗ್ಯಾರೇಜುಗಳಲ್ಲಿ ಇದನ್ನು 'ಯು.ಜೆ. ಕ್ರಾಸ್' ಎನ್ನುತ್ತಾರೆ. ರಚನೆ ಸರಳ, ಆದರೆ ಅದರಲ್ಲೊಂದು ದೋಷವಿದೆ. ಕೀಲು ಬಾಗಿದಾಗ ಒಂದು ಕಡೆಯ ಸರಳು ಸಮವೇಗದಲ್ಲಿ ತಿರುಗಿದರೂ ಮತ್ತೊಂದು ಕಡೆಯದು ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದೆ ಬೀಳುತ್ತದೆ. 30 ಡಿಗ್ರಿ ಬಾಗಿದ್ದರೆ, ನಿಮಿಷಕ್ಕೆ 100 ಸುತ್ತು ತಿರುಗುವ ಸರಳಿನ ಆಚೆಯ ತುದಿಯ ವೇಗ ಸುಮಾರು 87ಕ್ಕೂ 115ಕ್ಕೂ ನಡುವೆ ತೂಗಾಡುತ್ತದೆ. ಈ ಕುಲುಕಾಟವೇ ಸ್ಟೀರಿಂಗಿನಲ್ಲಿ ಕೈಗೆ ತಟ್ಟುತ್ತದೆ.

ಪರಿಹಾರ ಸಿಕ್ಕಿದ್ದು 1920ರ ದಶಕದಲ್ಲಿ. ಫ್ರಾನ್ಸಿನಲ್ಲಿ ಝಾನ್ ಆಲ್ಬೇರ್ ಗ್ರೆಗ್ವಾರ್ ಮತ್ತು ಪಿಯೇರ್ ಫೆನೈ 1926ರಲ್ಲಿ 'ಟ್ರಾಕ್ಟಾ' ಕೀಲನ್ನು ರೂಪಿಸಿದರು. ಅದೇ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಉಕ್ಕಿನ ಗುಂಡುಗಳ ಕೀಲನ್ನು ರೂಪಿಸಿದ. ಇದರ ಹಿಂದಿನ ತತ್ತ್ವ ಬಲು ಸುಂದರ. ಎರಡು ಸರಳುಗಳು ಎಷ್ಟೇ ಕೋನದಲ್ಲಿ ಬಾಗಲಿ, ಗುಂಡುಗಳು ಸದಾ ಆ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲೇ ನಿಲ್ಲುತ್ತವೆ. ಕನ್ನಡಿಯ ಮುಂದೆ ನಿಂತ ವಸ್ತುವಿಗೂ ಬಿಂಬಕ್ಕೂ ಇರುವ ಸಮತೆ ಎರಡು ಸರಳುಗಳ ನಡುವೆ ಇರುವುದರಿಂದ ವೇಗವೂ ಸಮವಾಗಿಯೇ ಉಳಿಯುತ್ತದೆ. 1983ರಲ್ಲಿ ನಮ್ಮ ರಸ್ತೆಗಿಳಿದ ಮಾರುತಿ 800ರ ಮುಂದಿನ ಚಕ್ರಗಳ ಬಳಿ ರಬ್ಬರಿನ ಮುಸುಕಿನೊಳಗೆ ಅಡಗಿದ್ದುದೂ ಇಂಥ ಸಮವೇಗದ ಕೀಲೇ.

ಇನ್ನು ಜೀಪಿನ ಜನನ. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಗಳಿಂದ ಎಳೆಯುವ ಹಗುರ ವಾಹನವೊಂದನ್ನು 49 ದಿನಗಳೊಳಗೆ ಮಾಡಿಕೊಡುವಂತೆ ಕೇಳಿತು. ತೂಕ 1,300 ಪೌಂಡು, ಅಂದರೆ ಸುಮಾರು 590 ಕಿಲೋ ಮೀರಬಾರದೆಂದೂ ಹೇಳಿತು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್‌ನನ್ನು ಕರೆಸಿ, ಸೆಪ್ಟೆಂಬರ್ 23ರಂದು ಮೊದಲ ಗಾಡಿಯನ್ನು ಒಪ್ಪಿಸಿತು. ಅಷ್ಟು ಕಡಿಮೆ ಅವಧಿಯಲ್ಲಿ ಹೊಸ ಅಚ್ಚನ್ನು ಯಾರು ತಯಾರಿಸಬೇಕು? ಸ್ಟೂಡಿಬೇಕರ್ ಕಾರಿನ ಅಚ್ಚನ್ನೇ ಸ್ಪೈಸರ್ ಕಂಪನಿಯಿಂದ ಮಾರ್ಪಡಿಸಿ ಬಳಸಿದರು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ತೂಕದ ಮಿತಿಯನ್ನು ಯಾರೂ ಪಾಲಿಸಲಾಗಲಿಲ್ಲ. ವಿಲ್ಲಿಸ್ ಜೀಪಿನ ತೂಕ ಸಾವಿರ ಕಿಲೋ ದಾಟಿತ್ತು.

ಆಗ ಕಾಡಿದ ದೊಡ್ಡ ಕೊರತೆಗಳಲ್ಲಿ ಒಂದು ಈ ಸಮವೇಗದ ಕೀಲುಗಳದು. ಅವುಗಳ ಬಾಗಿದ ಕಾಲುವೆಗಳನ್ನು ಕೊರೆಯಲು ವಿಶೇಷ ಯಂತ್ರಗಳು ಬೇಕು, ನುರಿತ ಕೈಗಳು ಬೇಕು. ಒಂದೇ ಬಗೆಯ ಕೀಲನ್ನು ನೆಚ್ಚಿಕೊಂಡರೆ ಸಾಲದೆಂದು, ಯುದ್ಧಕಾಲದ ಜೀಪುಗಳಲ್ಲಿ ಝೆಪ್ಪಾ, ಬೆಂಡಿಕ್ಸ್-ವೈಸ್, ಟ್ರಾಕ್ಟಾ, ಸ್ಪೈಸರ್ ಎಂಬ ನಾಲ್ಕು ಬಗೆಯ ಕೀಲುಗಳನ್ನು ಬಳಸಿದರು. ನಾಲ್ಕನೆಯದು ಹುಕ್‌ನ ಹಳೆಯ ಶಿಲುಬೆಯ ಕೀಲೇ! ಕೆಸರಿನಲ್ಲಿ ಮಾತ್ರ ಮುಂದಿನ ಚಕ್ರಗಳಿಗೆ ಬಲ ಕೊಡುವುದಾದರೆ, ಆ ಕುಲುಕಾಟವನ್ನು ಜಾರುವ ನೆಲವೇ ನುಂಗಿಕೊಳ್ಳುತ್ತದೆ. ಪರಿಪೂರ್ಣವಾದದ್ದು ಸಿಗದಿದ್ದಾಗ, ಸುಲಭವಾಗಿ ರಿಪೇರಿಯಾಗುವುದು ಕೈಹಿಡಿಯಿತು.

ಯುದ್ಧಾನಂತರ ಜೀಪು ಜನಸಾಮಾನ್ಯರ ಪಾಲಿಗೆ ಬಂತು. 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕೆಲಸ ಆರಂಭವಾಯಿತು. ಮಹೀಂದ್ರ ಜೀಪು ಹುಟ್ಟಿದ್ದು ಹೀಗೆ. ನಮ್ಮ ಮಲೆನಾಡಿನ ತೋಟಗಳಿಗೂ, ಕೊಡಚಾದ್ರಿಯ ಕಲ್ಲುದಾರಿಗೂ ಅದು ಬಂದ ಬಗೆಯನ್ನು ನಿಮಗೆ ಹೇಳಬೇಕಾಗಿಲ್ಲ. ಅತ್ತ ಅಮೆರಿಕದಲ್ಲಿ 1948ರಲ್ಲಿ ಆರ್ಥರ್ ವಾರ್ನ್ ಎಂಬಾತ, ಟಾರು ರಸ್ತೆಯಲ್ಲಿ ಮುಂದಿನ ಶಾಫ್ಟುಗಳು ಸುಮ್ಮನೆ ತಿರುಗಿ ಸವೆಯದಂತೆ ಚಕ್ರದಿಂದ ಅವನ್ನು ಬೇರ್ಪಡಿಸುವ ಹಬ್ಬನ್ನು ಮಾರತೊಡಗಿದ. 1953ರಲ್ಲಿ ಕ್ಯಾಲಿಫೋರ್ನಿಯಾದ ರೂಬಿಕಾನ್ ಎಂಬ ಬಂಡೆಗಳ ಹಾದಿಯಲ್ಲಿ ಜೀಪು ಹವ್ಯಾಸಿಗಳ ಮೊದಲ ಜಾಂಬೋರಿ ನಡೆಯಿತು. ಕೆಲಸದ ಗಾಡಿ ಹವ್ಯಾಸದ ಗಾಡಿಯೂ ಆಯಿತು. 1972ರ ಮಾದರಿಯಿಂದ ಅಲ್ಲಿನ ಸಿ.ಜೆ. ಜೀಪುಗಳಿಗೆ ಡೇನಾ 30 ಎಂಬ ಮುಂದಿನ ಅಚ್ಚು ಬಂದಾಗ, ಗ್ರೀಸು ತುಂಬಿದ ಗೋಳದೊಳಗೆ ಅಡಗಿದ್ದ ಕೀಲು ಹೊರಗೆ ಕಾಣುವಂತಾಯಿತು. ಅದೂ ಶಿಲುಬೆಯ ಕೀಲೇ.

ಹವ್ಯಾಸಿಗಳು ಮೊದಲು ಬದಲಿಸಿದ್ದು ಟೈರನ್ನು. ಬಂಡೆ ಹತ್ತಲು ದೊಡ್ಡ ಟೈರು ಬೇಕು. ಆದರೆ ಟೈರಿನ ವ್ಯಾಸ 29 ಅಂಗುಲದಿಂದ 33 ಅಂಗುಲಕ್ಕೆ ಏರಿದರೆ, ನೆಲ ಹಿಡಿದಾಗ ಶಾಫ್ಟಿನ ಮೇಲೆ ಬೀಳುವ ತಿರುಚುಬಲವೂ ಸುಮಾರು ಶೇಕಡ 14ರಷ್ಟು ಏರಬಹುದು. ಆಮೇಲೆ ಹಾಕಿಸಿದ್ದು ಡಿಫರೆನ್ಷಿಯಲ್ ಲಾಕ್. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ; ಮೇಷ್ಟರ ಅಭ್ಯಾಸ, ಕ್ಷಮಿಸಿ. ವಿಲ್ಲಿಸ್ ಜೀಪಿನ ಎಂಜಿನ್ನಿನ ತಿರುಚುಬಲ ಸುಮಾರು 142 ನ್ಯೂಟನ್ ಮೀಟರ್. ಮೊದಲ ಗೇರು ಅದನ್ನು 2.67ರಷ್ಟು, ಲೋ ಗೇರು 1.97ರಷ್ಟು, ಕ್ರೌನ್-ಪಿನಿಯನ್ 4.88ರಷ್ಟು ಹೆಚ್ಚಿಸುತ್ತವೆ. ಗುಣಿಸಿದರೆ ಸುಮಾರು 3,640. ನಾಲ್ಕು ಚಕ್ರಗಳೂ ಸಮನಾಗಿ ಹಂಚಿಕೊಂಡರೆ ಒಂದೊಂದು ಶಾಫ್ಟಿಗೆ 910. ಆದರೆ ಲಾಕ್ ಹಾಕಿದ ಮೇಲೆ ಮೂರು ಚಕ್ರಗಳು ಕೆಸರಿನಲ್ಲಿ ಜಾರಿ ಒಂದೇ ಚಕ್ರ ಬಂಡೆಯನ್ನು ಕಚ್ಚಿ ಹಿಡಿದರೆ, ಆ ಹೊರೆಯ ಬಹುಪಾಲು ಒಂದೇ ಸರಳಿನ ಮೇಲೆ ಬೀಳಬಹುದು. ಅದರ ಜೊತೆಗೆ ಚಕ್ರ ಪೂರ್ತಿ ತಿರುಗಿದ್ದರೆ? ನನ್ನ ಶಿಷ್ಯನ ಶಾಫ್ಟು ಮುರಿದದ್ದು ಅಂಥ ಗಳಿಗೆಯಲ್ಲೇ. ದೊಡ್ಡ ಟೈರು, ಲಾಕ್, ದಡದ ಏರು, ತಿರುವು: ನಾಲ್ಕೂ ಒಂದಾಗಿದ್ದವು.

ಅನೇಕ ವೇಳೆ ಮೊದಲು ಸೋಲುವುದು ಸರಳಲ್ಲ, ಕೀಲು. ಅತಿಭಾರದಲ್ಲಿ ಕವಲಿನ ಕಿವಿಗಳು ಕೂದಲೆಳೆಯಷ್ಟು ಅಗಲಿಸುತ್ತವೆ, ಕ್ರಾಸಿನ ಬಟ್ಟಲನ್ನು ಹಿಡಿದಿರುವ ಕ್ಲಿಪ್ಪು ಹಾರುತ್ತದೆ, ಬಟ್ಟಲು ಹೊರಗೆ ಸರಿಯುತ್ತದೆ, ಕಿವಿ ಮುರಿಯುತ್ತದೆ. ಆದ್ದರಿಂದ ಬಲಪಡಿಸುವವರು ದೊಡ್ಡ ಕ್ರಾಸು, ಪೂರ್ಣ ಸುತ್ತಿನ ಕ್ಲಿಪ್ಪು, ಮೇಲ್ದರ್ಜೆಯ ಉಕ್ಕಿನ ಶಾಫ್ಟು ಮೂರನ್ನೂ ಒಟ್ಟಿಗೇ ಹಾಕುತ್ತಾರೆ. ಸಾಮಾನ್ಯ ಕಾರ್ಬನ್ ಉಕ್ಕಿನ ಬದಲು ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು. ಅಮೆರಿಕದಲ್ಲಿ ಅದು 4340, ನಮ್ಮ ಲೇತ್ ಅಂಗಡಿಗಳಲ್ಲಿ ಅದಕ್ಕೆ ಸಮೀಪದ್ದು ಇ.ಎನ್. 24. ಆದರೆ ಉಕ್ಕಿನ ಹೆಸರೊಂದೇ ಸಾಲದು. ನಮ್ಮೂರ ಕಮ್ಮಾರ ಕತ್ತಿಯನ್ನು ಕಾಯಿಸಿ ಅದ್ದಿ ಹದ ಕೊಡುತ್ತಿದ್ದುದನ್ನು ನೋಡಿದವರಿಗೆ ಇದು ಗೊತ್ತು: ಹದ ಕಡಿಮೆಯಾದರೆ ಬಾಗುತ್ತದೆ, ಮೀರಿದರೆ ಸಿಡಿಯುತ್ತದೆ. ಲೇತಿನಲ್ಲಿ ಕಡೆದು ಹಾಗೆಯೇ ಜೋಡಿಸಿದ ಶಾಫ್ಟು, ಉಕ್ಕು ಎಷ್ಟೇ ದುಬಾರಿಯಾದರೂ, ಹದವಿಲ್ಲದ ಕತ್ತಿಯೇ ಸರಿ. ದಪ್ಪದ ಮಹಿಮೆಯೂ ದೊಡ್ಡದು. ತಿರುಚುವಿಕೆಯನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣ. ವ್ಯಾಸ ಶೇಕಡ 10 ಹೆಚ್ಚಿದರೆ ಶಕ್ತಿ ಶೇಕಡ 33 ಹೆಚ್ಚುತ್ತದೆ.

ಹಾಗಾದರೆ ಗಟ್ಟಿ ಶಾಫ್ಟು ಹಾಕಿಸಿದರೆ ಕಥೆ ಮುಗಿಯಿತೆ? ಇಲ್ಲ. ಬಂದ ಹೊರೆ ಎಲ್ಲಿಗಾದರೂ ಹೋಗಲೇಬೇಕಲ್ಲ. ಶಾಫ್ಟು ಮುರಿಯದಿದ್ದರೆ ಕ್ರೌನ್-ಪಿನಿಯನ್ ಹಲ್ಲು ಉದುರಬಹುದು, ಹಬ್ಬು ಒಡೆಯಬಹುದು. ಶಾಫ್ಟನ್ನು ತೋಟದ ಶೆಡ್ಡಿನಲ್ಲೇ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಕ್ರೌನ್-ಪಿನಿಯನ್ ಹಾಗಲ್ಲ, ಅದಕ್ಕೆ ನುರಿತ ಕೈ ಬೇಕು. ಮನೆಯ ವಿದ್ಯುತ್ ಫ್ಯೂಸನ್ನು ನೆನೆಯಿರಿ. ತೆಳುವಾದ ತಂತಿ ಸುಟ್ಟುಹೋಗುವುದರಿಂದಲೇ ಮನೆ ಉಳಿಯುತ್ತದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಕಟ್ಟುವವನನ್ನು ನಾವು ಜಾಣನೆನ್ನುವುದಿಲ್ಲ. ಆದರೆ ಜೀಪಿನ ಈ ಫ್ಯೂಸು ಮುರಿದಾಗ ಸ್ಟೀರಿಂಗನ್ನೇ ಹಿಡಿದು ನಿಲ್ಲಿಸಬಲ್ಲದು ಎಂಬುದನ್ನೂ ಮರೆಯುವಂತಿಲ್ಲ. ಆದ್ದರಿಂದ ಯಾವುದು ಗಟ್ಟಿ ಎಂದು ಕೇಳುವ ಮೊದಲು, ಹೊರೆಯನ್ನು ಎಷ್ಟು ಇಳಿಸಬಹುದು, ಇಳಿಸಿದ ಮೇಲೂ ಮುರಿಯುವುದಾದರೆ ಎಲ್ಲಿ ಮುರಿಯಬೇಕು ಎಂದು ಕೇಳಬೇಕು.

ಇಷ್ಟನ್ನೂ ಶಿಷ್ಯನಿಗೆ ಹೇಳಿದೆ. ಕಾಫಿ ಎರಡು ಬಾರಿ ಆಯಿತು. ಅವನು ಸ್ವಲ್ಪ ಹೊತ್ತು ಮುರಿದ ತುಂಡುಗಳನ್ನು ಜೋಡಿಸಿ ನೋಡುತ್ತಾ ಕುಳಿತಿದ್ದು, "ಸಾರ್, ದೊಡ್ಡ ಟೈರು ಹಾಕಿದ್ದು ಗೆಳೆಯರ ಮುಂದೆ ಚಂದ ಕಾಣಲಿ ಅಂತ. ತೋಟಕ್ಕೆ ಅದು ಬೇಕಾಗಿರಲಿಲ್ಲ" ಎಂದ. ನನ್ನ ಪಾಠಕ್ಕಿಂತ ಆ ಒಂದು ಮಾತು ದೊಡ್ಡದೆನಿಸಿತು.

ಕಳೆದ ವಾರ ಫೋನು ಮಾಡಿದ್ದ. ಹಳೆಯ ಅಳತೆಯ ಟೈರುಗಳಿಗೆ ಮರಳಿದ್ದಾನೆ. ಹೊಸ ಕ್ರಾಸುಗಳೊಂದಿಗೆ, ಸರಿಯಾಗಿ ಹದ ಕೊಡಿಸಿದ ಇ.ಎನ್. 24ರ ಶಾಫ್ಟುಗಳನ್ನು ಹಾಕಿಸಿದ್ದಾನೆ. ಲಾಕನ್ನು ಚಕ್ರ ನೇರವಿದ್ದಾಗ ಮಾತ್ರ ಬಳಸುತ್ತಾನಂತೆ. ಮುರಿಯದೆ ಉಳಿದಿದ್ದ ಇನ್ನೊಂದು ಬದಿಯ ಹಳೆಯ ಶಾಫ್ಟನ್ನು ಗುಜರಿಗೆ ಹಾಕಬೇಡ, ಸೀಟಿನ ಕೆಳಗೆ ಇಟ್ಟುಕೊಂಡಿರು ಎಂದೆ. "ಆಗಲೇ ಇಟ್ಕೊಂಡಿದೀನಿ ಸಾರ್, ಜೊತೆಗೆ ಒಂದು ಕಂಬಳಿಯನ್ನೂ" ಎಂದು ನಕ್ಕ.