ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ

ಹಾಸನ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ, ಛಾವಣಿಯಿಲ್ಲದ ಒಂದು ಹಳೆಯ ಚರ್ಚಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅದರ ಗೋಡೆಗಳು ಬಹುಮಟ್ಟಿಗೆ ನೀರಿನಲ್ಲಿ ಮುಳುಗುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಣನೆಲದ ಮೇಲೆ ಬುಡಸಮೇತ ಕಾಣಿಸಿಕೊಳ್ಳುತ್ತವೆ. ಈ ಸೋಜಿಗದಿಂದಾಗಿಯೇ ‘ಮುಳುಗುವ ಚರ್ಚು’, ‘ತೇಲುವ ಚರ್ಚು’ ಎಂಬ ಹೆಸರುಗಳು ಅದಕ್ಕೆ ಅಂಟಿಕೊಂಡಿವೆ. ನೋಡಲು ಬರುವವರು ಛಾಯಾಚಿತ್ರ ತೆಗೆದುಕೊಂಡು, ‘ಪಾಳುಬಿದ್ದ ಚರ್ಚು ಎಷ್ಟು ಸುಂದರ’ ಎಂದು ಹೇಳಿ ಹಿಂದಿರುಗುತ್ತಾರೆ. ಸುಂದರವೇನೋ ಹೌದು. ಆದರೆ ‘ಪಾಳುಬಿದ್ದ’ ಎಂಬ ಮಾತು ಮಾತ್ರ ಸರಿಯಲ್ಲ. ಭಕ್ತರು ತೊರೆದು ಹೋದುದರಿಂದ ಪಾಳುಬಿದ್ದ ಮಂದಿರ ಇದಲ್ಲ. ಊರಿಗೆ ಊರೇ ಎದ್ದು ಹೋಗಬೇಕಾಗಿ ಬಂದಾಗ ಹಿಂದೆ ಉಳಿದದ್ದು.

ಕನ್ನಡ ನಾಡಿನ ಒಳಭಾಗಕ್ಕೆ ಕ್ರೈಸ್ತಧರ್ಮ ಇಂಗ್ಲಿಷರೊಡನೆ ಬಂದಿತೆಂಬ ತಿಳಿವಳಿಕೆ ಅನೇಕರಲ್ಲಿದೆ. ವಾಸ್ತವವಾಗಿ 17ನೇ ಶತಮಾನದ ಮಧ್ಯಭಾಗದಲ್ಲಿಯೇ ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣದಲ್ಲಿ ನೆಲೆಯೂರಿದ್ದರು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನು ವಿಸರ್ಜಿಸಿದ ಬಳಿಕ, ದಕ್ಷಿಣದಲ್ಲಿ ಅವರ ಹೊಣೆಯನ್ನು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಗುರುಗಳು ವಹಿಸಿಕೊಂಡರು. ಇವರಲ್ಲಿ ಹೆಸರಾದವರು ಅಬ್ಬೆ ಡುಬಾಯ್. 1792ರಲ್ಲಿ ಭಾರತಕ್ಕೆ ಬಂದ ಇವರನ್ನು 1799ರಲ್ಲಿ, ಟಿಪ್ಪುವಿನ ಪತನಾನಂತರ, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸಲು ಶ್ರೀರಂಗಪಟ್ಟಣಕ್ಕೆ ಕರೆಸಲಾಯಿತು. ನಮ್ಮವರಂತೆಯೇ ಉಡುಪು ಧರಿಸಿ, ಸಸ್ಯಾಹಾರಿಯಾಗಿ ಬಾಳಿದ ಈ ಪಾದ್ರಿಯನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದೇ ಕರೆಯುತ್ತಿದ್ದರು. ಬಡ ಕ್ರೈಸ್ತರಿಗೆ ಜೀವನೋಪಾಯ ಕಲ್ಪಿಸಲು ಹಾಸನದ ಸೀಮೆಯಲ್ಲಿ ಬೇಸಾಯಗಾರರ ನೆಲೆಗಳನ್ನು ಸ್ಥಾಪಿಸಿದ್ದು, ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ದುಡಿದದ್ದು ಅವರ ಮುಖ್ಯ ಕಾರ್ಯಗಳು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1850ರಲ್ಲಿ ಮೈಸೂರು ಸೀಮೆಯ ಧರ್ಮಪ್ರಾಂತ್ಯ ಪ್ರತ್ಯೇಕಗೊಂಡು, ಶಾರ್ಬೊನೋ ಎಂಬವರು ಅದರ ಮೊದಲ ಧರ್ಮಾಧಿಕಾರಿಯಾದರು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು ಜಪಮಾಲೆ ಮಾತೆಯ ಹೆಸರಿನಲ್ಲಿ ಈ ದೇವಾಲಯವನ್ನು ಕಟ್ಟಿಸಿದ್ದು ಇದೇ ಪರಂಪರೆಯ ಮುಂದುವರಿಕೆಯಾಗಿ, 1860ರ ಸುಮಾರಿಗೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಈಗಿನ ಗಾಥಿಕ್ ಕಟ್ಟಡ ಪ್ರತಿಷ್ಠಾಪಿತವಾದದ್ದು 1882ರಲ್ಲಿ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಅಡಿಗಲ್ಲು ಬಿದ್ದದ್ದು 1933ರಲ್ಲಿ. ಅಂದರೆ ಈ ಎರಡು ನಗರಗಳು ಇಂದು ಹೆಮ್ಮೆಪಡುವ ಗಾಥಿಕ್ ಕಟ್ಟಡಗಳಿಗಿಂತ ಮೊದಲೇ ಹೇಮಾವತಿ ತೀರದ ಒಕ್ಕಲು ಮಕ್ಕಳ ಹಳ್ಳಿಯೊಂದು ಆ ಶೈಲಿಯ ದೇವಾಲಯವನ್ನು ಪಡೆದಿತ್ತು.

ಗಾಥಿಕ್ ಶೈಲಿಯ ತಿರುಳು ಎತ್ತರ ಮತ್ತು ಬೆಳಕು. ಗೋಡೆಗಳನ್ನು ಎತ್ತರಿಸಿ ಅವುಗಳಲ್ಲಿ ದೊಡ್ಡ ದೊಡ್ಡ ಕಿಟಕಿಗಳನ್ನು ತೆರೆದಾಗ ಗೋಡೆ ದುರ್ಬಲವಾಗುತ್ತದೆ. ಕಮಾನುಗಳಾದರೋ ತಮ್ಮ ಮೇಲಿನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತವೆ. ಆ ತಳ್ಳುವಿಕೆಯನ್ನು ತಡೆಯಲು ಗೋಡೆಗೆ ಹೊರಗಿನಿಂದ ಒತ್ತುಗಂಬಗಳನ್ನು ಕೊಡುತ್ತಾರೆ. ಶೆಟ್ಟಿಹಳ್ಳಿಯಲ್ಲಿ ಛಾವಣಿ ಇಲ್ಲವಾದುದರಿಂದ, ಪುಸ್ತಕದಲ್ಲಿ ಚಿತ್ರ ಬರೆದು ವಿವರಿಸಬೇಕಾದ ಈ ತತ್ತ್ವ ಕಣ್ಣೆದುರಿಗೇ ತೆರೆದು ನಿಂತಿದೆ. ಜನರು ಕೂಡುತ್ತಿದ್ದ ನೀಳವಾದ ಅಂಗಣ, ಅದರ ತುದಿಯಲ್ಲಿ ಬಲಿಪೀಠದ ಸ್ಥಾನ, ಸಾಲುಸಾಲಾದ ಕಮಾನುಗಳು ಎಲ್ಲವನ್ನೂ ಅಲ್ಲಿ ಗುರುತಿಸಬಹುದು.

ರೂಪ ಯುರೋಪಿನದಾದರೂ ಕಟ್ಟಿದ ಸಾಮಗ್ರಿ ನಮ್ಮದೇ: ಸುಟ್ಟ ಇಟ್ಟಿಗೆ ಮತ್ತು ಗಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುವುದುಂಟು. ಬೆಲ್ಲದ ನೀರನ್ನು ಗಾರೆಗೆ ಬೆರೆಸುವುದು ದಕ್ಷಿಣ ಭಾರತದ ಹಳೆಯ ಗಾರೆ ಕೆಲಸದವರ ಕ್ರಮಗಳಲ್ಲೊಂದು. ಸುಣ್ಣಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಡನೆ ಅರೆದ ಗಾರೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಸೇರಿದರೆ ತೇವವನ್ನು ತಾಳುವ ಶಕ್ತಿಯೂ ಹೆಚ್ಚುತ್ತದೆ. ಹಾಗೆಂದು ಯಾವ ಗಾರೆಯೂ ಚಿರಂಜೀವಿಯಲ್ಲ. ವರ್ಷವರ್ಷವೂ ನೆನೆಯುವುದು, ಒಣಗುವುದು, ಅಲೆಗಳ ಹೊಡೆತ ಇವು ಸಂದುಗಳಲ್ಲಿನ ಸುಣ್ಣವನ್ನು ಸವೆಸುತ್ತವೆ. ಮೇಲೆ ಛಾವಣಿಯಿಲ್ಲದ ಗೋಡೆಗೆ ತಲೆಯಿಂದಲೂ ಮಳೆನೀರು ಇಳಿಯುತ್ತದೆ. ಪ್ರವಾಸಿಗರನ್ನು ಮರುಳು ಮಾಡುವ ನೀರಿನ ಆಟವೇ ಕಟ್ಟಡವನ್ನು ಕರಗಿಸುತ್ತಿದೆ.

ಈ ನೀರು ಬಂದದ್ದು ಹೇಗೆ? ಮೂಡಿಗೆರೆಯ ಕಡೆ ಹುಟ್ಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುವ ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಉದ್ದ ನಾಲ್ಕೂವರೆ ಕಿಲೋಮೀಟರಿಗೂ ಮಿಗಿಲು. ಜಲಾಶಯದ ಸಾಮರ್ಥ್ಯ ಸುಮಾರು 37 ಟಿ.ಎಂ.ಸಿ. ಇದರ ನಾಲೆಗಳು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ನೀರುಣಿಸಿವೆ. ಈ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಮ್ಮ ಪಠ್ಯಪುಸ್ತಕಗಳು ಅಣೆಕಟ್ಟಿನ ಉದ್ದವನ್ನೂ ನೀರಾವರಿಯ ವಿಸ್ತೀರ್ಣವನ್ನೂ ಹೇಳುತ್ತವೆಯೇ ಹೊರತು, ಮುಳುಗಿದ ಊರುಗಳ ಹೆಸರನ್ನು ಹೇಳುವುದಿಲ್ಲ. ಶೆಟ್ಟಿಹಳ್ಳಿಯ ಜನರು ಬೇರೆಡೆ ನೆಲೆಸಬೇಕಾಯಿತು. ಮಣ್ಣಿನ ಮನೆಗಳು ಕರಗುತ್ತವೆ. ಕಣ, ತೋಟ, ಓಣಿಗಳು ಹೂಳಿನಡಿ ಅಡಗುತ್ತವೆ. ಎದ್ದು ನಿಂತಿರುವುದು ದೇವಾಲಯವೊಂದೇ. ಇಲ್ಲೊಂದು ಊರಿತ್ತು ಎಂಬುದಕ್ಕೆ ಇಂದು ಅದೇ ಸಾಕ್ಷಿ.

ನಮ್ಮ ಕರಾವಳಿಯಲ್ಲಿ ಚರ್ಚಿಗೆ ‘ಇಗರ್ಜಿ’ ಎನ್ನುತ್ತಾರೆ. ಪೋರ್ಚುಗೀಸರ ‘ಇಗ್ರೇಜ’ದಿಂದ ಬಂದ ಈ ಪದದ ಮೂಲ ಗ್ರೀಕಿನ ‘ಎಕ್ಲೇಸಿಯಾ’. ಅದರ ಅರ್ಥ ಕಟ್ಟಡವಲ್ಲ, ಕೂಡಿದ ಜನ, ಸಭೆ. ಆ ಅರ್ಥದಲ್ಲಿ ನೋಡಿದರೆ ಶೆಟ್ಟಿಹಳ್ಳಿಯ ಇಗರ್ಜಿ ಮುಳುಗಲಿಲ್ಲ. ತನ್ನ ಪ್ರಾರ್ಥನೆಯೊಡನೆ ಬೇರೆ ಕಡೆಗೆ ಎದ್ದು ನಡೆಯಿತು. ಉಳಿದ ಗೋಡೆಗಳನ್ನು ತಿಳಿದವರು ಭದ್ರಪಡಿಸಬೇಕೆಂಬುದು ನ್ಯಾಯವಾದ ಬೇಡಿಕೆ. ಅದಕ್ಕಿಂತಲೂ ಜರೂರಾದ ಕೆಲಸ ಇನ್ನೊಂದಿದೆ. 1979ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಅರವತ್ತು ದಾಟಿದ್ದಾರೆ, ನನ್ನ ಓರಗೆಯವರು. ದೇವಾಲಯದ ಗಂಟೆ ಎಷ್ಟು ಹೊತ್ತಿಗೆ ಬಾರಿಸುತ್ತಿತ್ತು, ಜಪಮಾಲೆ ಮಾತೆಯ ಹಬ್ಬಕ್ಕೆ ಯಾವ ಯಾವ ಊರಿನ ನೆಂಟರು ಬರುತ್ತಿದ್ದರು, ಯಾರ ಹೊಲ ಎಲ್ಲಿತ್ತು, ಹಿರಿಯರನ್ನು ಎಲ್ಲಿ ಮಣ್ಣು ಮಾಡಿದ್ದರು ಎಂಬುದನ್ನು ನೆನಪಿನಿಂದ ಹೇಳಬಲ್ಲವರು ಅವರು ಮಾತ್ರ. ಹಾಸನ ಜಿಲ್ಲೆಯ ಶಿಕ್ಷಕ ಮಿತ್ರರು ತಮ್ಮ ವಿದ್ಯಾರ್ಥಿಗಳನ್ನು ಆ ಚರ್ಚು ತೋರಿಸಲು ಕರೆದೊಯ್ಯುವುದಾದರೆ, ದಯವಿಟ್ಟು ಆ ಹಿರಿಯರ ಮನೆಗಳಿಗೂ ಕರೆದೊಯ್ಯಲಿ. ಮಕ್ಕಳ ಕೈಯಲ್ಲಿ ಒಂದೊಂದು ನೋಟುಪುಸ್ತಕವಿರಲಿ.