ಪೈಪಿನೊಳಗಿನ ಕೆಂಪು ಎಣ್ಣೆ

1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಜನರಲ್ ಮೋಟಾರ್ಸ್ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಾಗ ಕ್ಲಚ್ ಪೆಡಲ್ ಮಾಯವಾಯಿತು. ಗೇರ್ ಯಾವಾಗ ಬದಲಾಗಬೇಕೆಂಬ ತೀರ್ಮಾನ ಎಣ್ಣೆಯ ಒತ್ತಡದ ಪಾಲಾಯಿತು. ವೇಗ ಹೆಚ್ಚಿದಂತೆ ಒಂದು ಒತ್ತಡ ಮೇಲಿನ ಗೇರಿಗೆ ತಳ್ಳುತ್ತದೆ. ಎಂಜಿನ್ನಿನ ಮೇಲೆ ಭಾರ ಬಿದ್ದಂತೆ ಇನ್ನೊಂದು ತಡೆಯುತ್ತದೆ.

1964ರ ಮಾದರಿಗಳಲ್ಲಿ ಬಂದ ಟರ್ಬೊ ಹೈಡ್ರಾಮ್ಯಾಟಿಕ್ 400ರಲ್ಲಿ ಈ ಭಾರದ ಸುದ್ದಿ ಮುಟ್ಟಿಸುತ್ತಿದ್ದುದು ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ. ಎಂಜಿನ್ ಗಾಳಿ ಹೀರುವ ಸೆಳೆತ ಒಂದು ಪೈಪಿನ ಮೂಲಕ ಅದರೊಳಗಿನ ತೆಳು ಪೊರೆಯನ್ನು ಎಳೆಯುತ್ತಿತ್ತು. ಪೊರೆ ಹರಿದರೆ ಗೇರ್‌ಬಾಕ್ಸಿಗೆ ಸದಾ ಏರು ಹತ್ತುತ್ತಿರುವ ಭ್ರಮೆ. ಗೇರ್ ತಡವಾಗಿ, ಜರ್ಕ್ ಹೊಡೆದು ಬೀಳುತ್ತದೆ. ಗೇರ್‌ಬಾಕ್ಸಿನ ಎಣ್ಣೆಯನ್ನು ಎಂಜಿನ್ ಹೀರಿಕೊಂಡು ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಎಣ್ಣೆ ಮಾತ್ರ ಇಳಿಯುತ್ತಲೇ ಇರುತ್ತದೆ. ಎಂಜಿನ್ನೂ ಹೋಯಿತು, ಗೇರ್‌ಬಾಕ್ಸೂ ಹೋಯಿತು ಎಂದು ಮಾಲೀಕ ಕಂಗಾಲಾಗುತ್ತಾನೆ.

ಬಲ್ಲ ಮೆಕ್ಯಾನಿಕ್ ಮೊದಲು ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡುತ್ತಾನೆ. ಸುಟ್ಟ ವಾಸನೆಯಿದ್ದರೆ ಒಳಗಿನ ಕ್ಲಚ್ ಪ್ಲೇಟುಗಳ ಮೇಲೆ ಅನುಮಾನ. ಇಲ್ಲದಿದ್ದರೆ ಮಾಡ್ಯುಲೇಟರಿನ ಪೈಪು ಕಿತ್ತು ನೋಡುತ್ತಾನೆ. ಅದರೊಳಗೆ ಕೆಂಪು ಎಣ್ಣೆ ಕಂಡರೆ ಕಳ್ಳ ಸಿಕ್ಕಂತೆ. ಹೊರಗಿನಿಂದಲೇ ಡಬ್ಬಿ ಬದಲಿಸಿದರಾಯಿತು. ಗೇರ್‌ಬಾಕ್ಸ್ ಪಾಪ, ತನಗೆ ಬಂದ ಸುಳ್ಳು ಸುದ್ದಿಯನ್ನು ನಂಬಿ ಸರಿಯಾಗಿಯೇ ನಡೆದುಕೊಂಡಿರುತ್ತದೆ. ಹಳೆಯ ಕಾರನ್ನು ಬಿಚ್ಚಲು ಒಪ್ಪುವ ಮುನ್ನ ಆ ಪೈಪನ್ನೊಮ್ಮೆ ಕೀಳಿಸಿ ನೋಡಿ.